ಯಾವ ಕೆಲಸಕ್ಕೆ ಯಾವ ಕಚೇರಿ: ಮೈಸೂರಿನ ನಿವಾಸಿಗಳಿಗೆ ನಗರಾಡಳಿತದ ದಾರಿ

ಬೋಗಾದಿ ರಸ್ತೆಯಲ್ಲಿ ಬೀದಿದೀಪ ಕೆಟ್ಟಿದ್ದರೆ ಯಾರಿಗೆ ಹೇಳಬೇಕು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಕಂಬವಿರುವ ಜಾಗ ಮೈಸೂರು ಮಹಾನಗರ ಪಾಲಿಕೆಯ ಎಲ್ಲೆಯೊಳಗಿದ್ದರೆ ಪಾಲಿಕೆಯ ವಲಯ ಕಚೇರಿಗೆ ಹೇಳಬೇಕು. ಬೋಗಾದಿ ಪಟ್ಟಣ ಪಂಚಾಯಿತಿಗೆ ಸೇರಿದ್ದರೆ ಅಲ್ಲಿನ ಮುಖ್ಯಾಧಿಕಾರಿಗೆ ಹೇಳಬೇಕು. ಸ್ಥಳೀಯ ಸಂಸ್ಥೆಗೆ ಇನ್ನೂ ಹಸ್ತಾಂತರವಾಗದ ಖಾಸಗಿ ಬಡಾವಣೆಯ ಒಳರಸ್ತೆಯಾಗಿದ್ದರೆ ಬಡಾವಣೆ ನಿರ್ಮಿಸಿದವರನ್ನು ಕೇಳಬೇಕು. ದೀಪವಲ್ಲದೆ ವಿದ್ಯುತ್ ತಂತಿಯೇ ತುಂಡಾಗಿ ಜೋತುಬಿದ್ದಿದ್ದರೆ ತಡಮಾಡದೆ ವಿದ್ಯುತ್ ಪೂರೈಸುವ ಸೆಸ್ಕ್‌ನ 1912 ಸಂಖ್ಯೆಗೆ ಕರೆ ಮಾಡಬೇಕು. ನಿವಾಸಿಯ ಕಣ್ಣಿಗೆ ಇದು ಒಂದೇ ರಸ್ತೆ, ಒಂದೇ ಊರು. ಕಡತದ ಲೆಕ್ಕದಲ್ಲಿ ನಾಲ್ಕು ಬೇರೆ ಬೇರೆ ಬಾಗಿಲುಗಳು.

ನಗರದ ಸೇವೆಗಳ ಬಗ್ಗೆ ಜನರಲ್ಲಿರುವ ಅಸಮಾಧಾನದಲ್ಲಿ ಒಂದು ಪಾಲು ಅಧಿಕಾರಿಗಳ ಉದಾಸೀನದಿಂದ ಬಂದದ್ದು ನಿಜ. ಆದರೆ ಇನ್ನೊಂದು ದೊಡ್ಡ ಪಾಲು, ಕೆಲಸ ಮಾಡಿಕೊಡಬೇಕಾದ ಕಚೇರಿ ಯಾವುದೆಂದು ತಿಳಿಯದೆ ಅಲೆಯುವುದರಿಂದ ಬಂದದ್ದು. ಯಾವ ಸೇವೆಗೆ ಯಾರು ಹೊಣೆ, ಅರ್ಜಿಯನ್ನು ಹೇಗೆ ಕೊಟ್ಟರೆ ಅದಕ್ಕೆ ಕಾನೂನಿನ ಬಲ ಬರುತ್ತದೆ, ಪಾಲಿಕೆಯ ಹಣದಲ್ಲಿ ಬಡ ಕುಟುಂಬಗಳಿಗೆಂದೇ ತೆಗೆದಿರಿಸಿದ ಪಾಲು ಯಾವುದು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಊರು ಒಂದು, ಆಡಳಿತ ಹಲವು

1992ರಲ್ಲಿ ಅಂಗೀಕಾರವಾಗಿ 1993ರ ಜೂನ್ 1ರಿಂದ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ನಗರ ಸ್ಥಳೀಯ ಸಂಸ್ಥೆಗಳಿಗೆ ಸಾಂವಿಧಾನಿಕ ಸ್ಥಾನ ನೀಡಿತು. ಆ ತಿದ್ದುಪಡಿಯೊಂದಿಗೆ ಸೇರಿದ 12ನೇ ಅನುಸೂಚಿಯಲ್ಲಿ ನಗರ ಯೋಜನೆ, ರಸ್ತೆ, ನೀರು, ನೈರ್ಮಲ್ಯ, ಸ್ಮಶಾನ, ಉದ್ಯಾನ, ಕೊಳೆಗೇರಿ ಸುಧಾರಣೆ, ಜನನ ಮರಣ ದಾಖಲೆ ಮೊದಲಾದ 18 ವಿಷಯಗಳಿವೆ. ಇವೆಲ್ಲವೂ ಪಾಲಿಕೆಯ ಕೈಯಲ್ಲೇ ಇರಬೇಕೆಂಬುದು ತಿದ್ದುಪಡಿಯ ಆಶಯವಾಗಿತ್ತು. ಆದರೆ ಯಾವ ಅಧಿಕಾರವನ್ನು ಎಷ್ಟರಮಟ್ಟಿಗೆ ವರ್ಗಾಯಿಸಬೇಕೆಂಬ ತೀರ್ಮಾನವನ್ನು ರಾಜ್ಯಗಳಿಗೆ ಬಿಟ್ಟದ್ದರಿಂದ, ಕೆಲವು ಕೆಲಸಗಳು ಪಾಲಿಕೆಗೆ ಬಂದವು, ಕೆಲವು ರಾಜ್ಯ ಸರ್ಕಾರದ ಮಂಡಳಿ, ನಿಗಮ, ಪ್ರಾಧಿಕಾರಗಳಲ್ಲೇ ಉಳಿದವು. ಇಂದಿನ ಗೊಂದಲದ ಬೇರು ಇಲ್ಲಿದೆ.

ಮೈಸೂರಿಗೆ ಇದರ ಜೊತೆಗೆ ತನ್ನದೇ ಆದ ಚರಿತ್ರೆಯೂ ಇದೆ. ಪ್ಲೇಗ್ ಹಾವಳಿಯ ಬೆನ್ನಲ್ಲೇ, 1903ರಲ್ಲಿ, ಇಕ್ಕಟ್ಟಾದ ಕೇರಿಗಳನ್ನು ಬಿಡಿಸಿ ಗಾಳಿ ಬೆಳಕಿನ ಬಡಾವಣೆಗಳನ್ನು ಕಟ್ಟಲು ಇಲ್ಲಿ ನಗರ ಸುಧಾರಣಾ ಮಂಡಳಿ ಸ್ಥಾಪನೆಯಾಯಿತು. ದೇಶದಲ್ಲಿ ಈ ಬಗೆಯ ಮಂಡಳಿಗಳ ಪೈಕಿ ಮೊದಲ ಸಾಲಿನಲ್ಲಿ ನಿಲ್ಲುವಂಥದ್ದು ಅದು. 1987ರ ಕಾಯ್ದೆಯ ಅಡಿಯಲ್ಲಿ ಅದರ ಜಾಗಕ್ಕೆ ನಗರಾಭಿವೃದ್ಧಿ ಪ್ರಾಧಿಕಾರ, ಎಂದರೆ ಎಲ್ಲರ ಬಾಯಲ್ಲಿರುವ ಮುಡಾ ಬಂತು. ಈಗ ಅದು ಮೈಸೂರು ಅಭಿವೃದ್ಧಿ ಪ್ರಾಧಿಕಾರವಾಗಿದೆ. ಬಡಾವಣೆಗಳ ನಕ್ಷೆಗೆ ಅನುಮೋದನೆ ಕೊಡುವುದು, ನಿವೇಶನ ಹಂಚುವುದು, ನಗರದ ಮಹಾಯೋಜನೆ ತಯಾರಿಸುವುದು ಪ್ರಾಧಿಕಾರದ ಕೆಲಸ. ಬಡಾವಣೆ ಸಿದ್ಧವಾಗಿ ಸ್ಥಳೀಯ ಸಂಸ್ಥೆಗೆ ಹಸ್ತಾಂತರವಾದ ಮೇಲೆ ಅಲ್ಲಿನ ರಸ್ತೆ, ದೀಪ, ಕಸ, ಉದ್ಯಾನಗಳ ನಿತ್ಯದ ನಿರ್ವಹಣೆ ಆ ಸಂಸ್ಥೆಯದು.

ಹಸ್ತಾಂತರಕ್ಕೆ ಮೊದಲಿನ ಅವಧಿಯೇ ನಿವಾಸಿಗಳಿಗೆ ಅತ್ಯಂತ ಕಷ್ಟದ ಕಾಲ. ಮನೆಗಳು ಎದ್ದಿರುತ್ತವೆ, ಜನರು ವಾಸಕ್ಕೆ ಬಂದಿರುತ್ತಾರೆ, ಆದರೆ ಒಳಚರಂಡಿ ತುಂಬಿ ಹರಿದರೆ ಸ್ಥಳೀಯ ಸಂಸ್ಥೆ ತನಗೆ ಬಡಾವಣೆ ಇನ್ನೂ ಬಂದಿಲ್ಲ ಎನ್ನುತ್ತದೆ, ಬಡಾವಣೆ ಕಟ್ಟಿದವರು ಫೋನ್ ಎತ್ತುವುದಿಲ್ಲ. ನಿವೇಶನ ಕೊಳ್ಳುವ ಮುನ್ನ ಎಲ್ಲರೂ ಕ್ರಯಪತ್ರ, ಋಣಭಾರ ಪತ್ರಗಳನ್ನು ಮನಸಿಟ್ಟು ನೋಡುತ್ತಾರೆ. ಬಡಾವಣೆ ಹಸ್ತಾಂತರವಾಗಿದೆಯೇ ಎಂದು ವಿಚಾರಿಸುವವರು ಕಡಿಮೆ. ನನ್ನ ಅಭಿಪ್ರಾಯದಲ್ಲಿ ರಿಂಗ್ ರಸ್ತೆಯ ಆಚೆ ನಿವೇಶನ ಕೊಳ್ಳುವವರು ಮೊದಲು ಕೇಳಬೇಕಾದ ಪ್ರಶ್ನೆ ಇದೇ.

ಪಾಲಿಕೆಯ ವ್ಯಾಪ್ತಿಯಲ್ಲಿ 65 ವಾರ್ಡ್‌ಗಳಿದ್ದು, ಅವುಗಳನ್ನು ಒಂಬತ್ತು ವಲಯಗಳಾಗಿ ವಿಂಗಡಿಸಲಾಗಿದೆ. ನಿತ್ಯದ ಬಹುಪಾಲು ಕೆಲಸಗಳಿಗೆ ಸಯ್ಯಾಜಿರಾವ್ ರಸ್ತೆಯ ಕೇಂದ್ರ ಕಚೇರಿಗೆ ಹೋಗಬೇಕಾಗಿಲ್ಲ. ಕಂದಾಯ, ಖಾತೆ, ಕಸ, ರಸ್ತೆ, ಬೀದಿದೀಪಗಳಿಗೆ ಸಂಬಂಧಿಸಿದ ಸಿಬ್ಬಂದಿ ವಲಯ ಕಚೇರಿಯಲ್ಲೇ ಇರುತ್ತಾರೆ. ಪಾಲಿಕೆಯ ಸುತ್ತ ಹೂಟಗಳ್ಳಿ ನಗರಸಭೆ ಹಾಗೂ ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳು ಕೆಲವು ವರ್ಷಗಳ ಹಿಂದೆ ರಚನೆಯಾದವು. ಪಾಲಿಕೆ ನಡೆಯುವುದು 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆಯಂತೆ. ನಗರಸಭೆ, ಪಟ್ಟಣ ಪಂಚಾಯಿತಿಗಳು ನಡೆಯುವುದು 1964ರ ಪುರಸಭೆಗಳ ಕಾಯ್ದೆಯಂತೆ. ಇವೆಲ್ಲವನ್ನೂ ಪಾಲಿಕೆಯೊಂದಿಗೆ ಸೇರಿಸಿ ಬೃಹತ್ ಮೈಸೂರು ರಚಿಸುವ ಪ್ರಕ್ರಿಯೆಯನ್ನು ಸರ್ಕಾರ ಕೈಗೆತ್ತಿಕೊಂಡಿದೆ. ವಿಲೀನ ಘೋಷಣೆಯಾದರೂ ಕಡತಗಳು ಒಂದು ಕಚೇರಿಯಿಂದ ಇನ್ನೊಂದಕ್ಕೆ ಸಾಗಲು ಸಮಯ ಹಿಡಿಯುತ್ತದೆ. ಅಲ್ಲಿಯವರೆಗೆ ಒಂದು ಸರಳ ಪರೀಕ್ಷೆ ಸಾಕು: ನಿಮ್ಮ ಇತ್ತೀಚಿನ ಆಸ್ತಿ ತೆರಿಗೆ ರಸೀದಿಯ ತಲೆಬರಹದಲ್ಲಿ ಯಾವ ಸಂಸ್ಥೆಯ ಹೆಸರಿದೆಯೋ, ಕಸ, ಚರಂಡಿ, ರಸ್ತೆ, ಖಾತೆಗಳಿಗೆ ಅದೇ ಸಂಸ್ಥೆ ನಿಮ್ಮ ಕಚೇರಿ.

ಕುಡಿಯುವ ನೀರಿಗೆ ಪಾಲಿಕೆಯೊಳಗೇ ಪ್ರತ್ಯೇಕ ವಿಭಾಗವಿದೆ. ಹಳಬರು ಇಂದಿಗೂ ವಾಟರ್ ವರ್ಕ್ಸ್ ಎಂದೇ ಕರೆಯುವ ವಾಣಿವಿಲಾಸ ನೀರು ಸರಬರಾಜು ವಿಭಾಗವು ಹೊಂಗಳ್ಳಿ, ಬೆಳಗೊಳ, ಮೇಳಾಪುರಗಳಿಂದ ಕಾವೇರಿ ನೀರನ್ನೂ ಬಿದರಗೂಡಿನಿಂದ ಕಬಿನಿ ನೀರನ್ನೂ ತರಿಸಿ ಹಂಚುತ್ತದೆ. ನಲ್ಲಿ ಸಂಪರ್ಕ, ಮೀಟರ್, ನೀರಿನ ಬಿಲ್, ಕೊಳವೆ ಒಡೆದ ದೂರು ಅಲ್ಲಿಗೆ ಹೋಗಬೇಕು. ಬೀದಿದೀಪಗಳನ್ನು ಬಿಟ್ಟರೆ ವಿದ್ಯುತ್ತಿನ ವಿಷಯದಲ್ಲಿ ಪಾಲಿಕೆಗೆ ಪಾತ್ರವಿಲ್ಲ. ಅದು ಮೈಸೂರು, ಮಂಡ್ಯ, ಚಾಮರಾಜನಗರ, ಹಾಸನ, ಕೊಡಗು ಜಿಲ್ಲೆಗಳಿಗೆ ವಿದ್ಯುತ್ ಪೂರೈಸುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ, ಅಂದರೆ ಸೆಸ್ಕ್‌ನ ಹೊಣೆ. ಜಾತಿ ಮತ್ತು ಆದಾಯ ಪ್ರಮಾಣಪತ್ರ, ವೃದ್ಧಾಪ್ಯ ವೇತನ, ವಿಧವಾ ವೇತನಗಳಿಗೆ ನಾಡಕಚೇರಿಗೆ ಹೋಗಬೇಕು. ಪಡಿತರ ಚೀಟಿ ಆಹಾರ ಇಲಾಖೆಯದು. ಅಂಗನವಾಡಿ ಮತ್ತು ಗೃಹಲಕ್ಷ್ಮಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯವು. ಮನೆಯಂಗಳದ ಮರ ಕಡಿಯಬೇಕಾದರೂ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಅರಣ್ಯ ಇಲಾಖೆಯ ವೃಕ್ಷ ಅಧಿಕಾರಿಯ ಅನುಮತಿ ಬೇಕು.

ತೆರಿಗೆ ರಸೀದಿಯನ್ನು ಓದುವುದು

ಆಸ್ತಿ ತೆರಿಗೆಯನ್ನು ಬಹುತೇಕರು ಕಟ್ಟಿ ರಸೀದಿಯನ್ನು ಬೀರುವಿನಲ್ಲಿಟ್ಟು ಮರೆಯುತ್ತಾರೆ. ಆ ರಸೀದಿಯನ್ನು ಒಮ್ಮೆ ಸಾಲುಸಾಲಾಗಿ ಓದಿದರೆ ನಗರಾಡಳಿತದ ಅರ್ಧ ಚಿತ್ರ ಸಿಗುತ್ತದೆ.

ರಾಜ್ಯದಲ್ಲಿ ಈಗ ಆಸ್ತಿ ತೆರಿಗೆಯನ್ನು ಮಾಲೀಕರೇ ಲೆಕ್ಕ ಹಾಕಿ ಘೋಷಿಸುವ ಪದ್ಧತಿ ಇದೆ. ಲೆಕ್ಕಕ್ಕೆ ಆಧಾರ ಉಪನೋಂದಣಾಧಿಕಾರಿ ಕಚೇರಿಯ ಮಾರ್ಗಸೂಚಿ ದರ. ಆರ್ಥಿಕ ವರ್ಷದ ಮೊದಲ ತಿಂಗಳಾದ ಏಪ್ರಿಲ್‌ನಲ್ಲಿ ಪೂರ್ತಿ ತೆರಿಗೆ ಕಟ್ಟಿದರೆ ಶೇ. 5ರಷ್ಟು ರಿಯಾಯಿತಿ ಇದೆ. ಮೇ, ಜೂನ್‌ನಲ್ಲಿ ರಿಯಾಯಿತಿಯೂ ಇಲ್ಲ, ದಂಡವೂ ಇಲ್ಲ. ಜುಲೈನಿಂದ ತಿಂಗಳಿಗೆ ಶೇ. 2ರಂತೆ ದಂಡ ಬೆಳೆಯುತ್ತದೆ. ಕೆಲವು ವರ್ಷ ಸರ್ಕಾರ ರಿಯಾಯಿತಿಯ ಅವಧಿಯನ್ನು ವಿಸ್ತರಿಸಿದ್ದುಂಟು, ಆದರೆ ಅದನ್ನು ನಂಬಿ ಕಾಯುವುದು ಸರಿಯಲ್ಲ.

ತೆರಿಗೆಯ ಮೊತ್ತದ ಕೆಳಗೆ ಉಪಕರಗಳ ಸಾಲುಗಳಿರುತ್ತವೆ. ಆರೋಗ್ಯ ಉಪಕರ ಶೇ. 15, ಗ್ರಂಥಾಲಯ ಉಪಕರ ಶೇ. 6, ಭಿಕ್ಷುಕರ ಉಪಕರ ಶೇ. 3. ತೆರಿಗೆ 5,000 ರೂಪಾಯಿ ಇದ್ದರೆ ಆರೋಗ್ಯಕ್ಕೆ 750, ಗ್ರಂಥಾಲಯಕ್ಕೆ 300, ನಿರಾಶ್ರಿತರ ಪರಿಹಾರ ಕೇಂದ್ರಗಳಿಗೆ 150 ರೂಪಾಯಿ ಸೇರುತ್ತದೆ. ಕಸ ನಿರ್ವಹಣೆಯ ಶುಲ್ಕಕ್ಕೆ ಪ್ರತ್ಯೇಕ ಸಾಲಿದೆ. ಪೀಪಲ್ಸ್ ಪಾರ್ಕ್ ಬಳಿಯ ನಗರ ಕೇಂದ್ರ ಗ್ರಂಥಾಲಯದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತ ಕುಳಿತ ಹುಡುಗ ಹುಡುಗಿಯರಿಗೆ ಕುರ್ಚಿ, ಪುಸ್ತಕ, ಬೆಳಕು ಸಿಗುವುದರ ಹಿಂದೆ ನಗರದ ಮನೆ ಮನೆಗಳಿಂದ ಸಂಗ್ರಹವಾದ ಈ ಆರು ಪೈಸೆಯ ಪಾಲಿದೆ. ಪಾಲಿಕೆ ಉಪಕರವನ್ನು ಸಂಗ್ರಹಿಸುತ್ತದೆಯೇ ಹೊರತು ಅದು ಪಾಲಿಕೆಯ ಹಣವಲ್ಲ. ಆಯಾ ಇಲಾಖೆಗೆ ವರ್ಗಾಯಿಸಬೇಕಾದ ಹಣ. ಬಡಾವಣೆಯ ಗ್ರಂಥಾಲಯ ಶಾಖೆಗೆ ಹೊಸ ಪುಸ್ತಕ ಬಂದಿಲ್ಲವೆಂದರೆ, ಉಪಕರ ಸಂಗ್ರಹವಾಗಿದ್ದೆಷ್ಟು, ವರ್ಗಾವಣೆಯಾಗಿದ್ದೆಷ್ಟು ಎಂದು ಕೇಳುವ ಹಕ್ಕು ರಸೀದಿ ಹಿಡಿದ ಪ್ರತಿಯೊಬ್ಬರಿಗೂ ಇದೆ.

ತೆರಿಗೆ ಕಟ್ಟಿದ ಮಾತ್ರಕ್ಕೆ ಆಸ್ತಿಯ ಹಕ್ಕು ಸಾಬೀತಾಗುವುದಿಲ್ಲ. ಖಾತೆ ಎಂಬುದು ತೆರಿಗೆ ಹೊಣೆಗಾರ ಯಾರೆಂದು ದಾಖಲಿಸುವ ಪುಸ್ತಕ. ಹಕ್ಕಿನ ಆಧಾರ ಕ್ರಯಪತ್ರ, ದಾನಪತ್ರ, ವಿಭಾಗಪತ್ರಗಳೇ. ಆದರೂ ಖಾತೆ ಇಲ್ಲದೆ ಕಟ್ಟಡದ ಪರವಾನಗಿ, ಬ್ಯಾಂಕ್ ಸಾಲ ಯಾವುದೂ ಸಲೀಸಲ್ಲ, ಮತ್ತು 2024ರ ಅಕ್ಟೋಬರ್‌ನಿಂದ ಆಸ್ತಿ ನೋಂದಣಿಗೆ ಇ-ಖಾತೆ ಕಡ್ಡಾಯವಾಗಿದೆ. ಅನಧಿಕೃತ ಬಡಾವಣೆಗಳ ನಿವೇಶನಗಳಿಗೆ, 2024ರ ಸೆಪ್ಟೆಂಬರ್ 10ಕ್ಕಿಂತ ಮೊದಲು ನೋಂದಣಿಯಾದ ಪತ್ರವಿದ್ದರೆ, ಬಿ-ಖಾತೆ ನೀಡುವ ಅಭಿಯಾನವನ್ನು ಸರ್ಕಾರ 2025ರಲ್ಲಿ ಆರಂಭಿಸಿತು. ಬಿ-ಖಾತೆ ಬಂದರೆ ಆಸ್ತಿ ತೆರಿಗೆಯ ಲೆಕ್ಕಕ್ಕೆ ಸೇರುತ್ತದೆ. ಬಡಾವಣೆ ಸಕ್ರಮವಾಯಿತೆಂದು ಅದರ ಅರ್ಥವಲ್ಲ. ಈ ವ್ಯತ್ಯಾಸವನ್ನು ಮುಚ್ಚಿಟ್ಟು ನಿವೇಶನ ಮಾರುವ ಮಧ್ಯವರ್ತಿಗಳ ಮಾತಿಗೆ ದುಡಿದ ಹಣ ಕಳೆದುಕೊಳ್ಳುವವರು ಹೆಚ್ಚಾಗಿ ಮೊದಲ ಬಾರಿಗೆ ಮನೆ ಕನಸು ಕಂಡವರೇ ಆಗಿರುವುದು ನೋವಿನ ಸಂಗತಿ.

ಮನೆಯ ಹಿರಿಯರು ತೀರಿಕೊಂಡ ಮೇಲೆ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳುವುದನ್ನು ಹಲವು ಕುಟುಂಬಗಳು ವರ್ಷಗಟ್ಟಲೆ ಮುಂದೂಡುತ್ತವೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ಇತ್ತೀಚಿನ ತೆರಿಗೆ ರಸೀದಿ, ಇತರ ವಾರಸುದಾರರ ಒಪ್ಪಿಗೆ ಕೈಯಲ್ಲಿರುವಾಗಲೇ ಈ ಕೆಲಸ ಮುಗಿಸುವುದು ಒಳ್ಳೆಯದು. ಮುಂದಿನ ತಲೆಮಾರಿಗೆ ದಾಟಿದರೆ ಸಹಿ ಹಾಕಬೇಕಾದವರು ಊರೂರುಗಳಲ್ಲಿ ಚದುರಿಹೋಗಿರುತ್ತಾರೆ.

ಜನನ, ಮರಣದ ದಾಖಲೆ

ಮೈಸೂರಿನ ಚೆಲುವಾಂಬ ಆಸ್ಪತ್ರೆಗೆ ಸುತ್ತಲಿನ ಜಿಲ್ಲೆಗಳಿಂದ ಹೆರಿಗೆಗೆ ಬರುವವರು ಬಹಳ. ಮಗು ಹುಟ್ಟಿದ ಮೇಲೆ ಊರಿಗೆ ಮರಳಿ, ಶಾಲೆಗೆ ಸೇರಿಸುವ ಹೊತ್ತಿಗೆ ತಮ್ಮೂರಿನ ಪಂಚಾಯಿತಿಯಲ್ಲಿ ಜನನ ಪ್ರಮಾಣಪತ್ರ ಕೇಳುತ್ತಾರೆ. ಅಲ್ಲಿ ಅದು ಸಿಗುವುದಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಘಟನೆ ನಡೆದ ಸ್ಥಳದಲ್ಲೇ ನೋಂದಣಿಯಾಗಬೇಕು. ತಂದೆ ತಾಯಿಯ ವಿಳಾಸ ಮಂಡ್ಯವಾಗಲಿ, ತಿ. ನರಸೀಪುರವಾಗಲಿ, ಮಗು ಹುಟ್ಟಿದ್ದು ಮೈಸೂರಿನಲ್ಲಾದರೆ ದಾಖಲೆ ಮೈಸೂರಿನಲ್ಲೇ ಇರುತ್ತದೆ. ಮರಣಕ್ಕೂ ಇದೇ ನಿಯಮ.

21 ದಿನಗಳೊಳಗೆ ಮಾಹಿತಿ ನೀಡಿದರೆ ನೋಂದಣಿಗೆ ಶುಲ್ಕವಿಲ್ಲ. 30 ದಿನಗಳವರೆಗೆ ತಡಶುಲ್ಕದೊಂದಿಗೆ, ಆಮೇಲೆ ಒಂದು ವರ್ಷದವರೆಗೆ ಮೇಲಧಿಕಾರಿಯ ಲಿಖಿತ ಅನುಮತಿಯೊಂದಿಗೆ ನೋಂದಾಯಿಸಬಹುದು. ವರ್ಷ ದಾಟಿದರೆ ದಂಡಾಧಿಕಾರಿಯ ಆದೇಶ ಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ವರದಿ ಕಳಿಸುವ ಹೊಣೆ ಆಸ್ಪತ್ರೆಯದು. ಮನೆಯಲ್ಲಿ ನಡೆದ ಜನನ, ಮರಣಗಳನ್ನು ತಿಳಿಸುವ ಹೊಣೆ ಮನೆಯವರದು. ಮಗುವಿಗೆ ಹೆಸರಿಡುವುದು ತಡವಾದರೆ ಹೆಸರಿಲ್ಲದೆಯೇ ನೋಂದಣಿ ಮಾಡಿಸಬಹುದು: ಒಂದು ವರ್ಷದೊಳಗೆ ಉಚಿತವಾಗಿ, ಆಮೇಲೆ 15 ವರ್ಷಗಳವರೆಗೆ ಶುಲ್ಕ ಕಟ್ಟಿ ಹೆಸರು ಸೇರಿಸಬಹುದು. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ, ಆ ದಿನದಿಂದ ಈಚೆಗೆ ಹುಟ್ಟಿದವರಿಗೆ ಶಾಲಾ ಪ್ರವೇಶ, ಪಾಸ್‌ಪೋರ್ಟ್, ಆಧಾರ್, ಚಾಲನಾ ಪರವಾನಗಿ ಮುಂತಾದವುಗಳಿಗೆ ಜನ್ಮದಿನ ಮತ್ತು ಜನ್ಮಸ್ಥಳದ ಪುರಾವೆ ಜನನ ಪ್ರಮಾಣಪತ್ರವೇ.

ಆಸ್ಪತ್ರೆಯಲ್ಲಿ ತುಂಬಿಸಿಕೊಳ್ಳುವ ನಮೂನೆಯನ್ನು ಯಾರೋ ಸಂಬಂಧಿಕರು ಆತುರದಲ್ಲಿ ತುಂಬುತ್ತಾರೆ. ತಾಯಿಯ ಹೆಸರು ಆಧಾರ್‌ನಲ್ಲಿ ‘ಮಂಜುಳಾ ಎಂ.’ ಎಂದಿದ್ದು ನಮೂನೆಯಲ್ಲಿ ‘ಮಂಜುಳಮ್ಮ’ ಎಂದಾದರೆ, ಆ ಒಂದು ಪದದ ವ್ಯತ್ಯಾಸ ಮುಂದೆ ಪಾಸ್‌ಪೋರ್ಟ್‌ವರೆಗೆ ಹಿಂಬಾಲಿಸುತ್ತದೆ. ಬಿಡುಗಡೆಯಾಗಿ ಹೊರಡುವ ಮುನ್ನ ಬಾಣಂತಿಯ ಆಧಾರ್ ಕಾರ್ಡನ್ನು ಪಕ್ಕದಲ್ಲಿಟ್ಟುಕೊಂಡು ನಮೂನೆಯ ಪ್ರತಿ ಅಕ್ಷರವನ್ನು ತಾಳೆ ನೋಡಲು ಐದು ನಿಮಿಷ ಸಾಕು.

ಕಸ ಮತ್ತು ಒಳಚರಂಡಿ

ಸ್ವಚ್ಛ ಸರ್ವೇಕ್ಷಣೆಯ ಆರಂಭದ ವರ್ಷಗಳಲ್ಲಿ, 2015ರಲ್ಲಿ ಪ್ರಕಟವಾದ ಶ್ರೇಯಾಂಕದಲ್ಲೂ 2016ರಲ್ಲೂ, ಮೈಸೂರು ದೇಶದ ಅತ್ಯಂತ ಸ್ವಚ್ಛ ನಗರವೆಂದು ಮೊದಲ ಸ್ಥಾನ ಪಡೆಯಿತು. ಅದಕ್ಕೆ ಕಾರಣರು ಮುಂಜಾನೆ ಬೀದಿಗಿಳಿಯುವ ಪೌರಕಾರ್ಮಿಕರು ಮತ್ತು ಕುಂಬಾರಕೊಪ್ಪಲಿನಂಥ ಕಡೆ ಬಡಾವಣೆಯ ಮಟ್ಟದಲ್ಲೇ ಕಸವನ್ನು ಬೇರ್ಪಡಿಸಿ ಗೊಬ್ಬರ ಮಾಡಿದ ಘಟಕಗಳು. ಮನೆಯಲ್ಲೇ ಹಸಿ ಕಸ, ಒಣ ಕಸ, ನೈರ್ಮಲ್ಯ ಕಸ ಬೇರೆಯಾಗಿ ಬಂದರೆ ಹಸಿಯದು ಗೊಬ್ಬರವಾಗುತ್ತದೆ, ಒಣದು ಮಾರಾಟವಾಗುತ್ತದೆ. ಎಲ್ಲವೂ ಕಲಸಿ ಬಂದರೆ ವಿದ್ಯಾರಣ್ಯಪುರದ ಸೂಯೇಜ್ ಫಾರಂನಲ್ಲಿ ಗುಡ್ಡೆ ಬೀಳುತ್ತದೆ, ಅಲ್ಲಿನ ಸುತ್ತಮುತ್ತಲ ನಿವಾಸಿಗಳು ವಾಸನೆ, ನೊಣ, ಹೊಗೆಯೊಂದಿಗೆ ಬದುಕಬೇಕಾಗುತ್ತದೆ. ಡೈಪರ್, ಸ್ಯಾನಿಟರಿ ಪ್ಯಾಡ್‌ಗಳನ್ನು ಕಾಗದದಲ್ಲಿ ಸುತ್ತಿ ಗುರುತು ಮಾಡಿ ಕೊಡಬೇಕೆಂಬ ನಿಯಮವಿರುವುದು, ಅವನ್ನು ಬರಿಗೈಯಲ್ಲಿ ಬೇರ್ಪಡಿಸಬೇಕಾದ ಪರಿಸ್ಥಿತಿ ಇನ್ನೊಬ್ಬ ಮನುಷ್ಯನಿಗೆ ಬಾರದಿರಲಿ ಎಂಬುದಕ್ಕಾಗಿ.

ಒಳಚರಂಡಿಯ ಬಗ್ಗೆ ಇನ್ನೂ ಗಟ್ಟಿಯಾಗಿ ಹೇಳಬೇಕಾದ ಮಾತಿದೆ. ಮ್ಯಾನ್‌ಹೋಲ್ ಕಟ್ಟಿಕೊಂಡಾಗ ಯಾರನ್ನಾದರೂ ಕೂಲಿಗೆ ಕರೆದು ಒಳಗಿಳಿಸುವುದು, ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯಂತೆ ಅಪರಾಧ. ಒಳಗಿನ ವಿಷಾನಿಲಕ್ಕೆ ಉಸಿರು ನಿಲ್ಲಲು ಹೆಚ್ಚು ಹೊತ್ತು ಬೇಕಿಲ್ಲ. ಖಾಸಗಿ ಮನೆಯ ಗುಂಡಿಯಾದರೂ, ಬೀದಿಯ ಮ್ಯಾನ್‌ಹೋಲ್ ಆದರೂ, ವಲಯ ಕಚೇರಿಗೆ ತಿಳಿಸಿ ಜೆಟ್ಟಿಂಗ್ ಅಥವಾ ಸಕ್ಕಿಂಗ್ ಯಂತ್ರ ತರಿಸಬೇಕು. ಯಂತ್ರ ಬರುವುದು ಒಂದು ದಿನ ತಡವಾಗುತ್ತದೆಂಬುದು ಮನುಷ್ಯನನ್ನು ಇಳಿಸಲು ಎಂದಿಗೂ ಕಾರಣವಾಗಕೂಡದು. ಹಾಗೆಯೇ, ಚಾವಣಿಯ ಮಳೆನೀರಿನ ಕೊಳವೆಯನ್ನು ಒಳಚರಂಡಿಗೆ ಜೋಡಿಸಿರುವ ಮನೆಗಳು ಹಳೆಯ ಬಡಾವಣೆಗಳಲ್ಲಿ ಹಲವಿವೆ. ದೊಡ್ಡ ಮಳೆಗೆ ಮ್ಯಾನ್‌ಹೋಲ್‌ಗಳು ಉಕ್ಕುವುದಕ್ಕೆ ಇದೂ ಒಂದು ಕಾರಣ.

ಕಾಯ್ದಿರಿಸಿದ ಹಣ

ನಗರ ಸ್ಥಳೀಯ ಸಂಸ್ಥೆಗಳು ತಮ್ಮ ಸ್ವಂತ ಆದಾಯದಲ್ಲಿ ಶೇ. 24.10ರಷ್ಟನ್ನು ಪರಿಶಿಷ್ಟ ಜಾತಿ ಮತ್ತು ಪಂಗಡದವರ ಅಭಿವೃದ್ಧಿಗೆ, ಶೇ. 7.25ರಷ್ಟನ್ನು ಇತರ ಬಡವರಿಗೆ, ಶೇ. 5ರಷ್ಟನ್ನು ಅಂಗವಿಕಲರಿಗೆ ಮೀಸಲಿಡಬೇಕು. ನಗರದ ಸೇವೆಗಳ ಕುರಿತು ನಡೆಯುವ ಮಾತುಕತೆಗಳಲ್ಲಿ ಅತ್ಯಂತ ಕಡಿಮೆ ಕೇಳಿಬರುವ ವಿಷಯ ಇದು. ಆದರೆ ಕೊಳೆಗೇರಿಯ, ವಠಾರದ, ಬಾಡಿಗೆ ಕೋಣೆಯ ಕುಟುಂಬಗಳಿಗೆ ಇದಕ್ಕಿಂತ ಮುಖ್ಯವಾದದ್ದು ಮತ್ತೊಂದಿಲ್ಲವೆಂದು ನಾನು ಭಾವಿಸುತ್ತೇನೆ. ವಿದ್ಯಾರ್ಥಿಗಳ ಶುಲ್ಕಕ್ಕೆ ನೆರವು, ಚಿಕಿತ್ಸೆಯ ವೆಚ್ಚಕ್ಕೆ ನೆರವು, ಸ್ವಯಂ ಉದ್ಯೋಗಕ್ಕೆ ಸಹಾಯಧನ, ಮನೆ ದುರಸ್ತಿ, ಅಂಗವಿಕಲರಿಗೆ ತ್ರಿಚಕ್ರ ವಾಹನ ಅಥವಾ ಸಾಧನ ಸಲಕರಣೆ ಮೊದಲಾದವುಗಳಿಗೆ ಈ ಹಣದಿಂದ ಅರ್ಜಿ ಕರೆಯಲಾಗುತ್ತದೆ.

ತೊಡಕಿರುವುದು ಸಮಯದಲ್ಲಿ. ಅರ್ಜಿ ಆಹ್ವಾನದ ಪ್ರಕಟಣೆ ಪತ್ರಿಕೆಯ ಒಳಪುಟದಲ್ಲೋ ಕಚೇರಿಯ ಸೂಚನಾ ಫಲಕದಲ್ಲೋ ಬಂದು, ಕೆಲವೇ ವಾರಗಳಲ್ಲಿ ಅವಧಿ ಮುಗಿಯುತ್ತದೆ. ಆಗ ನಾಡಕಚೇರಿಗೆ ಹೋಗಿ ಜಾತಿ, ಆದಾಯ ಪ್ರಮಾಣಪತ್ರ ಮಾಡಿಸಲು ಹೊರಟರೆ ದಿನ ಮೀರುತ್ತದೆ. ಆದಾಯ ಪ್ರಮಾಣಪತ್ರ ಐದು ವರ್ಷ ಚಾಲ್ತಿಯಲ್ಲಿರುವುದರಿಂದ ಅದನ್ನು ಮೊದಲೇ ಪಡೆದಿಟ್ಟುಕೊಳ್ಳುವುದು, ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿಕೊಂಡಿರುವುದು, ವಲಯ ಕಚೇರಿಯಲ್ಲಿ ಈ ಅನುದಾನದ ವಿಷಯ ನಿರ್ವಾಹಕರು ಯಾರೆಂದು ತಿಳಿದಿರುವುದು ಇವು ಪ್ರಯೋಜನಕ್ಕೆ ಬರುತ್ತವೆ. ಬಡಾವಣೆಯ ನಿವಾಸಿ ಸಂಘಗಳು ಉದ್ಯಾನದ ಬೇಲಿಯ ಬಗ್ಗೆ ಎಷ್ಟು ಶ್ರದ್ಧೆಯಿಂದ ಬರೆಯುತ್ತವೆಯೋ ಅಷ್ಟೇ ಶ್ರದ್ಧೆಯಿಂದ, ತಮ್ಮ ಮನೆಗಳಲ್ಲಿ ಕೆಲಸ ಮಾಡುವ ಹೆಂಗಸರ ಮಕ್ಕಳಿಗೆ ಈ ಪ್ರಕಟಣೆಯ ಸುದ್ದಿ ಮುಟ್ಟಿಸಿದರೆ ಅದರಿಂದ ಆಗುವ ಉಪಕಾರ ದೊಡ್ಡದು.

ಬೀದಿ ಬದಿ ವ್ಯಾಪಾರಿಗಳಿಗೆ 2014ರ ಕಾಯ್ದೆ ರಕ್ಷಣೆ ಕೊಡುತ್ತದೆ. ಸಮೀಕ್ಷೆ ನಡೆಸಿ ಗುರುತಿನ ಚೀಟಿ ನೀಡಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳ ಪ್ರತಿನಿಧಿಗಳೇ ಇರಬೇಕು. 2020ರಲ್ಲಿ ಆರಂಭವಾದ ಪಿಎಂ ಸ್ವನಿಧಿ ಯೋಜನೆಯಲ್ಲಿ ಜಾಮೀನಿಲ್ಲದೆ ಸಾಲ ಸಿಗುತ್ತದೆ. ಮೊದಲ ಕಂತಿನ ಮೊತ್ತ ಆಗ 10,000 ರೂಪಾಯಿ ಇದ್ದು, 2025ರ ಪರಿಷ್ಕರಣೆಯಲ್ಲಿ 15,000ಕ್ಕೆ ಏರಿತು. ಸಕಾಲದಲ್ಲಿ ತೀರಿಸಿದವರಿಗೆ ಮುಂದೆ 25,000, ಆಮೇಲೆ 50,000 ರೂಪಾಯಿಯವರೆಗೆ ಸಾಲವಿದೆ, ಜೊತೆಗೆ ಬಡ್ಡಿಯಲ್ಲಿ ಶೇ. 7ರ ಸಹಾಯಧನ. ದಿನಬಡ್ಡಿಗೆ ಸಾಲ ತಂದು ಸೊಪ್ಪು, ಹೂವು ಮಾರುವವರಿಗೆ ಈ ವ್ಯತ್ಯಾಸದ ಬೆಲೆ ಗೊತ್ತು. ಇಂದಿರಾ ಕ್ಯಾಂಟೀನು, ಉಚಿತ ತಪಾಸಣೆ ಮತ್ತು ಔಷಧ ಸಿಗುವ ನಮ್ಮ ಕ್ಲಿನಿಕ್‌ಗಳು ಬಹುಮಂದಿಗೆ ಈಗಾಗಲೇ ಪರಿಚಿತ.

ದೂರು ಮತ್ತು ಸ್ವೀಕೃತಿ

ಬಾಯಿಮಾತಿನ ದೂರಿಗೆ ದಾಖಲೆಯಿಲ್ಲ. ವಲಯ ಕಚೇರಿಗೆ ಹೋದಾಗ ಸಿಬ್ಬಂದಿ ಸೌಜನ್ಯದಿಂದಲೇ ‘ನೋಡ್ತೀವಿ ಸಾರ್, ನಾಳೆ ಬೆಳಿಗ್ಗೆ ಕಳಿಸ್ತೀವಿ’ ಎನ್ನಬಹುದು. ಆ ನಾಳೆ ಬಾರದಿದ್ದರೆ ಹಿಡಿದು ಕೇಳಲು ಕೈಯಲ್ಲಿ ಏನೂ ಇರುವುದಿಲ್ಲ. ಅರ್ಜಿಯ ಎರಡು ಪ್ರತಿ ಮಾಡಿ, ಒಂದನ್ನು ಟಪಾಲು ವಿಭಾಗಕ್ಕೆ ಕೊಟ್ಟು, ಇನ್ನೊಂದರ ಮೇಲೆ ದಿನಾಂಕ ಸಹಿತ ಮೊಹರು ಹಾಕಿಸಿಕೊಳ್ಳಬೇಕು. ಅರ್ಜಿಯಲ್ಲಿ ‘ನಮ್ಮ ಬೀದಿಯಲ್ಲಿ ಚರಂಡಿ ಸಮಸ್ಯೆ ಇದೆ’ ಎಂದು ಬರೆದರೆ ಸಾಲದು. ಯಾವ ವಾರ್ಡ್, ಯಾವ ಅಡ್ಡರಸ್ತೆ, ಯಾವ ಮನೆಸಂಖ್ಯೆಯ ಎದುರಿನ ಮ್ಯಾನ್‌ಹೋಲ್, ಎಂದಿನಿಂದ ಉಕ್ಕುತ್ತಿದೆ, ಹಿಂದೆ ದೂರು ಕೊಟ್ಟಿದ್ದರೆ ಅದರ ಸಂಖ್ಯೆ ಏನು ಎಂಬಷ್ಟನ್ನು ನಾಲ್ಕು ಸಾಲಿನಲ್ಲಿ ಬರೆದು, ಒಂದು ಫೋಟೋ ಲಗತ್ತಿಸಿದರೆ ಕಿರಿಯ ಎಂಜಿನಿಯರ್ ನೇರವಾಗಿ ಆ ಜಾಗಕ್ಕೇ ಬರುತ್ತಾರೆ. ಕಚೇರಿಗೆ ಹೋಗಲಾಗದವರು ಸರ್ಕಾರದ ಎಲ್ಲ ಇಲಾಖೆಗಳಿಗೂ ಅನ್ವಯಿಸುವ ಜನಸ್ಪಂದನದ 1902 ಸಂಖ್ಯೆಗೆ ಕರೆ ಮಾಡಿ ದೂರು ಸಂಖ್ಯೆ ಪಡೆಯಬಹುದು.

ಖಾತೆ ವರ್ಗಾವಣೆ, ಪ್ರಮಾಣಪತ್ರ, ಪರವಾನಗಿಯಂಥ ಸೇವೆಗಳಿಗೆ ಇನ್ನೂ ಬಲವಾದ ಆಸರೆ ಸಕಾಲ. 2011ರ ಕಾಯ್ದೆಯಂತೆ 2012ರ ಏಪ್ರಿಲ್‌ನಲ್ಲಿ ಜಾರಿಯಾದ ಈ ವ್ಯವಸ್ಥೆಯಲ್ಲಿ ಪ್ರತಿ ಸೇವೆಗೂ ದಿನಗಳ ಮಿತಿ ಇದೆ. ಅರ್ಜಿ ಸ್ವೀಕರಿಸಿದೊಡನೆ ಅದರ ಗುರುತಾಗಿ 15 ಅಂಕಿಗಳ ಜಿಎಸ್‌ಸಿ ಸಂಖ್ಯೆ ಕೊಡಬೇಕು. ಮಿತಿ ಮೀರಿದರೆ ಅಥವಾ ಅರ್ಜಿ ತಿರಸ್ಕೃತವಾದರೆ ಸಕ್ಷಮ ಅಧಿಕಾರಿಗೆ, ಅಲ್ಲಿಯೂ ಪರಿಹಾರ ಸಿಗದಿದ್ದರೆ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ತಡವಾದ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕಿದೆ. ಮೊತ್ತ ಚಿಕ್ಕದು. ಆದರೆ ತಡಕ್ಕೆ ಯಾವ ಮೇಜಿನವರು ಹೊಣೆ ಎಂದು ಬರಹದಲ್ಲಿ ದಾಖಲಾಗುತ್ತದಲ್ಲ, ಅದರ ಪರಿಣಾಮ ದೊಡ್ಡದು. ಜಿಎಸ್‌ಸಿ ಸಂಖ್ಯೆ ಕೊಡದೆ ಅರ್ಜಿ ಇಟ್ಟುಕೊಂಡರೆ ಈ ಹಕ್ಕು ಯಾವುದೂ ಹುಟ್ಟುವುದಿಲ್ಲ. ಆದ್ದರಿಂದ ಕರ್ನಾಟಕ ಒನ್ ಕೇಂದ್ರದಲ್ಲಾಗಲಿ, ಸೇವಾಸಿಂಧುವಿನಲ್ಲಾಗಲಿ, ಕಚೇರಿಯ ಕಿಟಕಿಯಲ್ಲಾಗಲಿ ಅದನ್ನು ಪಡೆಯದೆ ಹಿಂದಿರುಗಬಾರದು. ಕಡತ ಎಲ್ಲಿ ನಿಂತಿದೆ ಎಂದು ತಿಳಿಯಲು ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಇದ್ದೇ ಇದೆ. ಅದಕ್ಕೆ 30 ದಿನಗಳಲ್ಲಿ ಉತ್ತರ ಬರಬೇಕು.

ಮಂಡ್ಯದ ಓದುಗರಿಗೆ ಇಲ್ಲಿ ಒಂದು ಮಾತು. ಮಂಡ್ಯದಲ್ಲಿರುವುದು 35 ವಾರ್ಡ್‌ಗಳ ನಗರಸಭೆ. ಅಲ್ಲಿ ಆಯುಕ್ತರ ಬದಲು ಪೌರಾಯುಕ್ತರು, ವಲಯ ಕಚೇರಿಯ ಬದಲು ಒಂದೇ ಕಚೇರಿ. ಮಂಡ್ಯದ ನಗರಾಭಿವೃದ್ಧಿ ಪ್ರಾಧಿಕಾರವನ್ನೂ ಜನ ಮುಡಾ ಎಂದೇ ಕರೆಯುವುದರಿಂದ ವಿಳಾಸ ಬರೆಯುವಾಗ ಎಚ್ಚರ ಬೇಕು. ಸಕಾಲ, 1902, ಕಾಯ್ದಿರಿಸಿದ ಹಣದ ನಿಯಮ, ಜನನ ಮರಣದ ಕಾಯ್ದೆ ಎರಡೂ ಊರಿಗೂ ಒಂದೇ.

ಚುನಾಯಿತ ಸದಸ್ಯರಿಲ್ಲದಾಗ

ಪಾಲಿಕೆಯ 65 ವಾರ್ಡ್‌ಗಳಿಗೆ 2018ರ ಆಗಸ್ಟ್ 31ರಂದು ಚುನಾವಣೆ ನಡೆದು, ಆ ಪರಿಷತ್ತಿನ ಅವಧಿ 2023ರ ನವೆಂಬರ್‌ನಲ್ಲಿ ಮುಗಿಯಿತು. ಅನಂತರ ಅಧಿಕಾರ ಆಡಳಿತಾಧಿಕಾರಿಯ ಕೈಗೆ ಹೋಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕೆಂದು ಸಂವಿಧಾನವೇ ಹೇಳಿರುವಾಗ, ಮೈಸೂರಿನಂಥ ನಗರ ಹೀಗೆ ಚುನಾಯಿತ ಪರಿಷತ್ತಿಲ್ಲದೆ ಉಳಿಯುವುದು ಸಣ್ಣ ಲೋಪವಲ್ಲ. ನೀರು ಬಾರದ ದಿನ ಮನೆಯ ಬಾಗಿಲಿಗೆ ಹೋಗಿ ಕೇಳಬಹುದಾದ ವಾರ್ಡ್ ಸದಸ್ಯರಿಲ್ಲದಿದ್ದರೆ, ಅದರ ಏಟು ಮೊದಲು ಬೀಳುವುದು ಇಂಟರ್‌ನೆಟ್ಟಿನಲ್ಲಿ ಅರ್ಜಿ ಹಾಕಲು ಬಾರದವರ ಮೇಲೆ.

2011ರ ತಿದ್ದುಪಡಿಯಿಂದ ಪಾಲಿಕೆ ಕಾಯ್ದೆಗೆ ಸೇರಿದ ವಾರ್ಡ್ ಸಮಿತಿಯ ಅವಕಾಶವೂ ಚುನಾಯಿತ ಸದಸ್ಯರಿದ್ದಾಗಲೇ ಕೈಗೆ ಬರುವಂಥದ್ದು. ವಾರ್ಡ್ ಸದಸ್ಯರ ಅಧ್ಯಕ್ಷತೆಯ ಆ ಸಮಿತಿಯಲ್ಲಿ ಹತ್ತು ಮಂದಿ ನಿವಾಸಿಗಳಿದ್ದು, ಅವರಲ್ಲಿ ಮಹಿಳೆಯರಿಗೆ, ಪರಿಶಿಷ್ಟರಿಗೆ, ನಿವಾಸಿ ಸಂಘಗಳಿಗೆ ಸ್ಥಾನ ಮೀಸಲಾಗಿದೆ; ಅದರ ಕೆಳಗೆ ಮತದಾರರ ಏರಿಯಾ ಸಭೆಗಳಿಗೂ ಕಾನೂನು ಅವಕಾಶ ಕೊಟ್ಟಿದೆ. ಚುನಾವಣೆ ಬಂದಾಗ ಅಭ್ಯರ್ಥಿಗಳನ್ನು ಇದರ ಬಗ್ಗೆ ಕೇಳಬೇಕು. ಅಲ್ಲಿಯವರೆಗೂ ಬಳಸಿಕೊಳ್ಳಬಹುದಾದ ಒಂದು ವೇದಿಕೆ ಉಳಿದಿದೆ: ಪಾಲಿಕೆ ತನ್ನ ಆಯವ್ಯಯ ಸಿದ್ಧಪಡಿಸುವ ಮೊದಲು ಸಾರ್ವಜನಿಕರ ಸಲಹೆಗಾಗಿ ಕರೆಯುವ ಪೂರ್ವಭಾವಿ ಸಭೆ. ಅಲ್ಲಿ ಎದ್ದುನಿಂತು ಆಡಿದ ಮಾತಿನ ಜೊತೆಗೆ ಅದನ್ನೇ ಬರೆದ ಪತ್ರವನ್ನೂ ಕೊಟ್ಟು, ಇತರ ಯಾವುದೇ ಅರ್ಜಿಯಂತೆ ಅದಕ್ಕೂ ದಿನಾಂಕದ ಮೊಹರು ಪಡೆಯಬೇಕು. ಏಪ್ರಿಲ್‌ನಲ್ಲಿ ಆಯವ್ಯಯದ ಪ್ರತಿ ಹೊರಬಂದಾಗ, ಕೇಳಿದ್ದಕ್ಕೆ ಹಣ ಇಟ್ಟಿದ್ದಾರೆಯೇ ಎಂದು ತಾಳೆ ನೋಡಲು ಆ ಪತ್ರವೇ ಆಧಾರ.